ಊರಿನ ಕೊನೆಯ ಟ್ರಿಪ್ ಯಾರ ಲೆಕ್ಕಕ್ಕೆ?

(ಮಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ಧರ್ಮಗಳ ಮೇಲೆ ಮಾತನಾಡುವುದು ವಾಡಿಕೆ. ಹಳ್ಳಿಯ ಬಸ್ಸಿನ ಬಗ್ಗೆ ಮಾತನಾಡುತ್ತೇನೆಂದಾಗ ಸಂಘಟಕರು ಮರುಮಾತಿಲ್ಲದೆ ಒಪ್ಪಿದರು. ಅದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ. ಸಭೆ ಸಂಜೆ ಹೊತ್ತಿನದು. ಕುಪ್ಪೆಪದವಿನಿಂದಲೋ ಬೋಳಿಯಾರಿನಿಂದಲೋ ಬಂದವರು ಯಾರಾದರೂ ಇಲ್ಲಿದ್ದರೆ ನನ್ನ ಮಾತು ಮುಗಿಯುವ ಮುಂಚೆ ಎದ್ದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಕೊನೆಯ ಬಸ್ ಹಿಡಿಯಲು ನಡೆಯಬೇಕಾದೀತು. ಅವರು ಸಂಕೋಚಪಡುವುದು ಬೇಡ. ಅವರು ಹೀಗೆ ಅರ್ಧಕ್ಕೆ ಎದ್ದು ಹೋಗಬೇಕಾದ ಕಾರಣವೇ ಇಂದಿನ ನನ್ನ ವಿಷಯ.

ನಷ್ಟವಿಲ್ಲದೆ ಓಡುವ ಹಳ್ಳಿ ಟ್ರಿಪ್ ಕಡಿಮೆ. ಆ ನಷ್ಟವನ್ನು ಯಾರೋ ಒಬ್ಬರು ತುಂಬಿಕೊಡುತ್ತಲೇ ಬಂದಿದ್ದಾರೆ. ಯಾರು, ಎಷ್ಟು ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಬರೆದಿಡದ ಹಣ ನಿಂತಾಗ ನಿಂತಿತೆಂದು ಹೇಳುವವರೂ ಇರುವುದಿಲ್ಲ, ಟ್ರಿಪ್ ಸದ್ದಿಲ್ಲದೆ ಕಟ್ ಆಗುತ್ತದೆ. ಊರಿಗೆ ಅದು ತಿಳಿಯುವುದು ಒಂದು ದಿನ ಬಸ್ ಬಾರದೆ ಹೋದಾಗ.

ನಮ್ಮ ಕರಾವಳಿಯ ಬಸ್ಸಿನ ಚರಿತ್ರೆ ರಾಜ್ಯದ ಉಳಿದ ಭಾಗದ ಹಾಗಲ್ಲ. ಇಲ್ಲಿ ಸಿ.ಪಿ.ಸಿ., ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, 1914ರಲ್ಲೇ ಹುಟ್ಟಿತು. ದೇಶದ ಅತಿ ಹಳೆಯ ಬಸ್ ಕಂಪನಿಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಅತ್ತ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದಾಗ ನಾವು ಮದರಾಸಿನ ಆಡಳಿತದಲ್ಲಿದ್ದೆವು. 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿದೆವು. ಕೆ.ಎಸ್.ಆರ್.ಟಿ.ಸಿ. ನಿಗಮವಾಗಿ ರೂಪುಗೊಂಡದ್ದು 1961ರ ಆಗಸ್ಟ್ 1ರಂದು. ಅಷ್ಟರೊಳಗೆ ಇಲ್ಲಿ ಖಾಸಗಿ ಮಾಲಕರು ಊರೂರಿಗೆ ದಾರಿ ಹಿಡಿದಾಗಿತ್ತು. ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಬಸ್ಸು ದಡದವರೆಗೆ ಬರುವುದು, ಜನ ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಕಾಯುವ ಇನ್ನೊಂದು ಬಸ್ಸು ಹತ್ತುವುದು, ಹೀಗೆಲ್ಲ ನಡೆಯಿತು. ಮುಂದೆ ಪುತ್ತೂರು, ಸುಳ್ಯದ ಕಡೆ ಸರ್ಕಾರಿ ಬಸ್ಸುಗಳು ಬೇರೂರಿದವು. ಮಂಗಳೂರು ನಗರ, ಉಳ್ಳಾಲ, ಬಜಪೆ, ಕಿನ್ನಿಗೋಳಿ, ಮೂಡುಬಿದಿರೆ, ಉಡುಪಿ ಕಡೆ ಸಿಟಿ ಬಸ್, ಸರ್ವಿಸ್ ಬಸ್, ಎಕ್ಸ್‌ಪ್ರೆಸ್ ಎಲ್ಲ ಬಹುಪಾಲು ಖಾಸಗಿಯವರ ಕೈಯಲ್ಲೇ ಉಳಿದವು.

ಖಾಸಗಿಯವರನ್ನು ಹಳಿಯಲು ನಾನಿಲ್ಲಿ ಬಂದಿಲ್ಲ. ಸರ್ಕಾರದ ಬಸ್ಸು ಬಾರದ ದಶಕಗಳಲ್ಲಿ ನಮ್ಮ ಗುಡ್ಡಗಳ ಆಚೆಯ ಮಕ್ಕಳು ಕಾಲೇಜು ಕಂಡದ್ದು ಅವರ ಬಸ್ಸಿನಲ್ಲಿ. ಅಡಿಕೆಯ ಗೋಣಿ, ಮೀನಿನ ಬುಟ್ಟಿ, ಬೀಡಿಯ ಕಟ್ಟು, ಬಾಣಂತಿ, ಶವಸಂಸ್ಕಾರಕ್ಕೆ ಹೊರಟ ನೆಂಟರು, ಎಲ್ಲವನ್ನೂ ಎಲ್ಲರನ್ನೂ ಆ ಬಸ್ಸುಗಳೇ ಹೊತ್ತವು. ಊರಲ್ಲಿ ರಾತ್ರಿ ಹಾಲ್ಟ್ ಆಗುವ ಬಸ್ಸಿನ ಡ್ರೈವರ್, ಕಂಡಕ್ಟರ್‌ಗೆ ಯಾರದೋ ಮನೆಯಲ್ಲಿ ಊಟ, ಯಾರದೋ ಚಾವಡಿಯಲ್ಲಿ ಮಲಗಲು ಜಾಗ. ಈ ಸಂಬಂಧಕ್ಕೆ ಬೆಲೆ ಕಟ್ಟುವುದು ಕಷ್ಟ. ಆದರೆ ಡೀಸೆಲಿಗೆ ಪ್ರತಿದಿನ ಬೆಲೆ ತೆರಬೇಕು.

ಸರ್ವಿಸ್ ಬಸ್ಸೊಂದರ ದಿನವನ್ನು ನೋಡೋಣ. ಬೆಳಗ್ಗಿನ ಟ್ರಿಪ್ ತುಂಬಿರುತ್ತದೆ. ಶಾಲೆ ಕಾಲೇಜಿನ ಮಕ್ಕಳು, ಅಂಗಡಿ ಮತ್ತು ಗೇರುಬೀಜ ಕಾರ್ಖಾನೆಯ ಕೆಲಸದವರು, ವೆನ್ಲಾಕ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಬೇಕಾದವರು, ಲೇಡಿಗೋಷನ್ ಆಸ್ಪತ್ರೆಗೆ ಬಸುರಿಯನ್ನು ತೋರಿಸಲು ಹೊರಟವರು. ಹನ್ನೊಂದರ ನಂತರ ಬಸ್ಸು ಬರಿದು. ಸಂಜೆ ಮತ್ತೆ ತುಂಬುತ್ತದೆ. ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ ಮುಖ್ಯರಸ್ತೆಯ ಜಂಕ್ಷನ್ನಿನಿಂದ ಒಳಗೆ ತಿರುಗುವ ಹೊತ್ತಿಗೆ ಏಳೆಂಟು ಮಂದಿ ಉಳಿದಿರುತ್ತಾರೆ. ತುಂಬಿದ ಟ್ರಿಪ್ಪಿನ ಕಲೆಕ್ಷನ್ನಿನಿಂದ ಖಾಲಿ ಟ್ರಿಪ್ಪಿನ ಡೀಸೆಲು, ಬತ್ತೆ, ಟಯರಿನ ಸವೆತ ಎಲ್ಲ ಹೋಗಬೇಕು. ಅಂದರೆ ಬೆಳಗ್ಗಿನ ಪ್ರಯಾಣಿಕ ರಾತ್ರಿಯ ಪ್ರಯಾಣಿಕನಿಗೆ ತನಗೆ ತಿಳಿಯದಂತೆಯೇ ಸಹಾಯ ಮಾಡುತ್ತಾನೆ. ನಮ್ಮ ಹಳ್ಳಿ ಬಸ್ಸುಗಳ ಸಬ್ಸಿಡಿ ಇಷ್ಟು ಕಾಲ ಇದೇ ಆಗಿತ್ತು. ಸರ್ಕಾರದ ಯಾವ ಆದೇಶದಲ್ಲೂ ಅದು ಇಲ್ಲ.

ಈ ಹೊಂದಾಣಿಕೆ ಈಗ ಕುಸಿದಿದೆ. ಬೆಳಗ್ಗೆ ತುಂಬುತ್ತಿದ್ದ ಸೀಟುಗಳಿಂದ ಗಂಡಸರು ಇಳಿದು ಸ್ಕೂಟರು ಬೈಕು ಏರಿದರು. ಖಾಸಗಿ ಶಾಲೆಗಳ ವಾಹನ ಮನೆ ಬಾಗಿಲಿಗೆ ಬಂತು. 2020ರ ಮಾರ್ಚಿನಲ್ಲಿ ಬಸ್ಸುಗಳು ನಿಂತಾಗ ಅನೇಕ ಮಾಲಕರು ತೆರಿಗೆ ಕಟ್ಟಲಾಗದೆ ಪರ್ಮಿಟ್ ಒಪ್ಪಿಸಿ ಬಸ್ಸನ್ನು ಶೆಡ್ಡಿಗೆ ಸೇರಿಸಿದರು. ಮತ್ತೆ ರಸ್ತೆಗೆ ಇಳಿದಾಗ ಮುಖ್ಯರಸ್ತೆಯ ಟ್ರಿಪ್ಪುಗಳು ಮರಳಿದವು, ಒಳದಾರಿಯ ಎಷ್ಟೋ ಟ್ರಿಪ್ಪುಗಳು ಮರಳಲಿಲ್ಲ. ಭಾನುವಾರ ಬಸ್ಸಿಲ್ಲ. ಮದುವೆಯ ಸೀಸನ್ನಿನಲ್ಲಿ ಸ್ಪೆಷಲ್ ಟ್ರಿಪ್ ಸಿಕ್ಕರೆ ಅಂದೂ ಬಸ್ಸಿಲ್ಲ. ರಾತ್ರಿ ಬಸ್ಸು ಜಂಕ್ಷನ್ನಿನಲ್ಲೇ ತಿರುಗಿತೆಂದರೆ ಒಳಗಿನ ಮೂರು ನಾಲ್ಕು ಕಿಲೋಮೀಟರಿಗೆ ರಿಕ್ಷಾ. ಆ ರಿಕ್ಷಾ ಬಾಡಿಗೆಯನ್ನು ಲೆಕ್ಕ ಹಾಕಿದರೆ ನಗರದ ಬಟ್ಟೆ ಅಂಗಡಿಯಲ್ಲಿ ದುಡಿಯುವ ಹುಡುಗಿಯ ದಿನದ ಸಂಬಳದಲ್ಲಿ ಎಷ್ಟು ಉಳಿಯಿತು ಹೇಳಿ. ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಮಾಡಿಯೇ ಹುಡುಗಿಯ ಕೆಲಸ ಬಿಡಿಸುತ್ತಾರೆ. ನಷ್ಟ ಎಲ್ಲಿಯೂ ಮಾಯವಾಗಿಲ್ಲ ನೋಡಿ, ಮಾಲಕನ ಪುಸ್ತಕದಿಂದ ಆ ಮನೆಯ ಅಡುಗೆಕೋಣೆಗೆ ಬಂದು ಕೂತಿದೆ.

ಕಾನೂನು ಸುಮ್ಮನಿದೆಯೇ? 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಂ ಪ್ರಕಾರ ಪರ್ಮಿಟ್ ಕೊಡುವಾಗಲೇ ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ ಓಡಬೇಕು ಎಂಬ ಷರತ್ತು ಹಾಕಬಹುದು. ಷರತ್ತು ಮುರಿದರೆ ಪರ್ಮಿಟ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ 86ನೇ ಕಲಂನಲ್ಲಿದೆ. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ನಾವು ಆರ್.ಟಿ.ಎ. ಅನ್ನುವುದು, ಈ ಅಧಿಕಾರವನ್ನು ಹೊಂದಿದೆ. ಆದರೆ ನಷ್ಟದ ಟ್ರಿಪ್ಪಿನ ಪರ್ಮಿಟ್ ರದ್ದು ಮಾಡುತ್ತೇವೆಂದರೆ ಮಾಲಕನಿಗೆ ಅದು ಶಿಕ್ಷೆಯಲ್ಲ, ಬಿಡುಗಡೆ. ಹೆದರಿಸಿ ಓಡಿಸಿದ ಬಸ್ಸು ಹೆಚ್ಚು ಕಾಲ ಓಡುವುದಿಲ್ಲ. ಹಾಗೆಂದು ನಿಗಮದ ಕಡೆ ತಿರುಗಿದರೆ ಅದು ಹುಟ್ಟಿದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಂ ವ್ಯವಹಾರದ ತತ್ವದಲ್ಲೇ ನಡೆಯಬೇಕೆಂದು ಹೇಳುತ್ತದೆ. ಡಿಪೋ ವ್ಯವಸ್ಥಾಪಕರು ಪ್ರತಿ ಕಿಲೋಮೀಟರಿನ ಗಳಿಕೆಯನ್ನು ಮೇಲಿನವರಿಗೆ ಒಪ್ಪಿಸಬೇಕು. ಬೆಂಗಳೂರಿನ ರಾತ್ರಿ ಬಸ್ಸಿನ ಗಳಿಕೆಯ ಪಕ್ಕದಲ್ಲಿ ಹಳ್ಳಿ ಟ್ರಿಪ್ಪಿನ ಗಳಿಕೆ ಬರೆದರೆ ಯಾವುದನ್ನು ಕೈಬಿಡಬೇಕೆಂದು ಆ ಕಾಗದವೇ ಹೇಳಿಬಿಡುತ್ತದೆ.

ಹೀಗಿರುವಾಗ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. 2025ರ ಜುಲೈ 14ರ ಹೊತ್ತಿಗೆ ಅಂಥ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ನಾನು ಈ ಯೋಜನೆಯ ಪರವಾಗಿದ್ದೇನೆ, ಸ್ಪಷ್ಟವಾಗಿಯೇ ಹೇಳುತ್ತೇನೆ. ಕೈಯಲ್ಲಿ ಬಸ್ಸಿನ ಚಿಲ್ಲರೆಗೂ ಗಂಡನನ್ನು, ಮಗನನ್ನು ಕೇಳಬೇಕಾಗಿದ್ದ ಹೆಂಗಸರು ತಾವಾಗಿ ಆಸ್ಪತ್ರೆಗೆ, ತವರಿಗೆ, ದೇವಸ್ಥಾನಕ್ಕೆ ಹೊರಟರು. ಅದು ಸಣ್ಣ ಮಾತಲ್ಲ. ಆದರೆ ಈ ಹಣದ ಹರಿವನ್ನು ಸ್ವಲ್ಪ ನೋಡಿ. ಹೆಂಗಸು ಬಸ್ ಹತ್ತಿ ಶೂನ್ಯ ಟಿಕೆಟ್ ಪಡೆದರೆ ಅದರ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಕೊಡುತ್ತದೆ. ಬಸ್ಸೇ ಇಲ್ಲದ ಊರಿನಲ್ಲಿ ಟಿಕೆಟ್ ಹರಿಯುವುದಿಲ್ಲ, ಹಣವೂ ಬರುವುದಿಲ್ಲ. ಖಾಸಗಿ ಬಸ್ಸು ಮಾತ್ರ ಓಡುವ ಊರಿನ ಹೆಂಗಸು ಪುತ್ತೂರಿನ ತನ್ನ ಅಕ್ಕನಿಗೆ ಸಿಗುವ ಸೌಲಭ್ಯವನ್ನು ಪತ್ರಿಕೆಯಲ್ಲಿ ಓದಿ ತಾನು ಪೂರ್ತಿ ಟಿಕೆಟ್ ಕೊಂಡಳು. ಇಬ್ಬರೂ ಒಂದೇ ಜಿಲ್ಲೆಯವರು.

ನಮ್ಮ ಊರಿಗೂ ಸರ್ಕಾರಿ ಬಸ್ ಬಿಡಿ ಎಂಬ ಕೂಗು ಎದ್ದದ್ದು ಇದರಿಂದ. ನ್ಯಾಯವಾದ ಕೂಗು. ಆದರೂ ಅದರೊಳಗೆ ಒಂದು ಅಪಾಯ ಉಂಟು. ದಿನಕ್ಕೆ ಆರು ಟ್ರಿಪ್ ಓಡುವ ಖಾಸಗಿ ಬಸ್ಸೊಂದು ಇರುವ ಊರಿಗೆ ನಿಗಮ ಬೆಳಗ್ಗೆ ಒಂದು, ಸಂಜೆ ಒಂದು ಟ್ರಿಪ್ ಬಿಟ್ಟಿತೆನ್ನಿ. ಖಾಸಗಿಯವರು ತುಂಬಿದ ಬಸ್ಸು ಓಡಿಸುತ್ತಿದ್ದದ್ದು ಅವೇ ಎರಡು ಹೊತ್ತು. ಹೆಂಗಸರೆಲ್ಲ ಸರ್ಕಾರಿ ಬಸ್ ಹತ್ತಿದರು. ತಪ್ಪೇನಲ್ಲ. ಮಧ್ಯಾಹ್ನ, ರಾತ್ರಿಯ ನಷ್ಟ ತುಂಬುತ್ತಿದ್ದ ಕಲೆಕ್ಷನ್ ಹೋಯಿತು, ಕೆಲವು ತಿಂಗಳಲ್ಲಿ ಆ ಖಾಸಗಿ ಬಸ್ಸೂ ಹೋಯಿತು. ಆರು ಟ್ರಿಪ್ ಇದ್ದ ಊರಿಗೆ ಎರಡು ಉಳಿಯಿತು. ಮಧ್ಯಾಹ್ನದ ಪರೀಕ್ಷೆ ಬರೆದು ಮರಳುವ ಹುಡುಗ, ಡಯಾಲಿಸಿಸ್ ಮುಗಿಸಿ ಮೂರು ಗಂಟೆಗೆ ಸ್ಟೇಟ್‌ಬ್ಯಾಂಕಿನಲ್ಲಿ ನಿಂತ ರೋಗಿ ಇವರಿಗೆ ಏನು ಹೇಳೋಣ? ಎರಡೂ ಬಸ್ಸುಗಳ ಸಮಯವನ್ನು ಒಂದೇ ಕಾಗದದಲ್ಲಿಟ್ಟು ನೋಡಿದ್ದರೆ ಇದನ್ನು ತಪ್ಪಿಸಬಹುದಿತ್ತು. ಮಾಲಕರ ಮಾಲಕರ ನಡುವೆ ಎರಡು ನಿಮಿಷದ ಅಂತರಕ್ಕಾಗಿ ಆರ್.ಟಿ.ಓ. ಕಚೇರಿಯಲ್ಲಿ ಟೈಮಿಂಗ್ ಕಾನ್ಫರೆನ್ಸ್ ನಡೆಯುತ್ತದೆ. ಬಸ್ಸಿಗೆ ಕಾಯುವವರ ಎರಡು ಗಂಟೆಯ ಅಂತರಕ್ಕಾಗಿ ಆ ಮೇಜಿನ ಮುಂದೆ ಕುಳಿತು ಮಾತನಾಡುವವರು ಯಾರೂ ಇಲ್ಲ.

ಈಗ ಹಣದ ಮಾತಿಗೆ ಬರುತ್ತೇನೆ. ನಷ್ಟ, ನಷ್ಟ ಎಂದು ಕೇಳಿ ಕೇಳಿ ಅದು ಭರಿಸಲಾಗದ ಮೊತ್ತವೆಂದು ನಾವು ನಂಬಿಬಿಟ್ಟಿದ್ದೇವೆ. ಒಂದು ಉದಾಹರಣೆ ಕಟ್ಟೋಣ. ಜಂಕ್ಷನ್ನಿನಿಂದ ಒಳಗೆ 12 ಕಿಲೋಮೀಟರ್ ಇರುವ ಊರು. ಹೋಗಿ ಬರಲು 24. ಪ್ರತಿ ಕಿಲೋಮೀಟರಿಗೆ ಖರ್ಚಿಗಿಂತ ಗಳಿಕೆ 15 ರೂಪಾಯಿ ಕಡಿಮೆ ಬೀಳುತ್ತದೆಂದು ಇಟ್ಟುಕೊಳ್ಳಿ. ಒಂದು ಟ್ರಿಪ್ಪಿಗೆ 360 ರೂಪಾಯಿ. ಭಾನುವಾರವೂ ಬಿಡದೆ ವರ್ಷಪೂರ್ತಿ ಓಡಿಸಿದರೆ 1,31,400 ರೂಪಾಯಿ. ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದು ಎರಡು ಟ್ರಿಪ್ ಉಳಿಸಲು 2,62,800. ಒಂದು ಪಂಚಾಯತಿನ ಕಾಂಕ್ರೀಟ್ ರಸ್ತೆಯ ತುಂಡೊಂದಕ್ಕೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ಆ ರಸ್ತೆಯನ್ನು ಯಾರೂ ನಷ್ಟ ಎನ್ನುವುದಿಲ್ಲ.

ರಸ್ತೆಯ ಮಾತು ಬಂತು, ಹೇಳಿಬಿಡುತ್ತೇನೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲುಸೀಮೆಯಲ್ಲಿ 500 ಜನ, ಗುಡ್ಡಗಾಡಿನಲ್ಲಿ 250 ಜನ ಇರುವ ವಸತಿಗೆ ಸರ್ವಋತು ರಸ್ತೆ ಎಂಬ ಮಾನದಂಡ ಇತ್ತು. ಇಷ್ಟು ಜನರಿದ್ದರೆ ರಸ್ತೆ ಕೊಡಲೇಬೇಕೆಂದು ದೇಶ ಒಪ್ಪಿತು. ಇಷ್ಟು ಜನರಿದ್ದರೆ ದಿನಕ್ಕೆ ಇಷ್ಟು ಬಸ್ಸು ಎಂಬ ಮಾನದಂಡ ಮಾತ್ರ ನಮ್ಮಲ್ಲಿಲ್ಲ. ಸ್ವಂತ ವಾಹನ ಇದ್ದವನಿಗೆ ಆ ರಸ್ತೆ ಪೂರ್ತಿ ಸಿಕ್ಕಿತು. ಇಲ್ಲದವರಿಗೆ ನಡೆಯಲು ಡಾಮರು ಸಿಕ್ಕಿತು. ಸ್ವಿಟ್ಜರ್ಲೆಂಡಿನಲ್ಲಿ ವರ್ಷವಿಡೀ 100 ಜನ ವಾಸಿಸುವ ಊರಿದ್ದರೂ ಅಲ್ಲಿಗೆ ಹೋಗುವ ಸಾರ್ವಜನಿಕ ವಾಹನಕ್ಕೆ ಒಕ್ಕೂಟವೂ ಪ್ರಾಂತವೂ ಸೇರಿ ಹಣ ಕೊಡುವ ಕ್ರಮವಿದೆ. ಶ್ರೀಮಂತ ದೇಶ, ನಿಜ. ನಾನು ಅಲ್ಲಿಂದ ಕೇಳುತ್ತಿರುವುದು ಅವರ ಹಣವನ್ನಲ್ಲ, ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟ ಧೈರ್ಯವನ್ನು.

ಬ್ರಿಟನ್ನಿನ ಪಾಠ ಬೇರೆ ಬಗೆಯದು. 1985ರ ಸಾರಿಗೆ ಕಾಯ್ದೆಯ ಪ್ರಕಾರ 1986ರ ಅಕ್ಟೋಬರಿನಿಂದ ಲಂಡನ್ನಿನ ಹೊರಗೆ ಬಸ್ಸುಗಳನ್ನು ಮುಕ್ತ ಪೈಪೋಟಿಗೆ ಬಿಟ್ಟರು. ಲಾಭವಿಲ್ಲದ, ಆದರೆ ಜನರಿಗೆ ಬೇಕಾದ ಮಾರ್ಗಗಳನ್ನು ಸ್ಥಳೀಯ ಕೌನ್ಸಿಲ್‌ಗಳು ಟೆಂಡರು ಕರೆದು ಹಣ ಕೊಟ್ಟು ಓಡಿಸಬಹುದು ಎಂದರು. ಯಾವ ಹಳ್ಳಿಯ ಬಸ್ಸಿಗೆ ಎಷ್ಟು ಹಣ ಹೋಗುತ್ತಿದೆ ಎಂಬುದು ಅಲ್ಲಿ ಗುಟ್ಟಲ್ಲ, ಮಾರ್ಗ ನಿಲ್ಲಿಸುವ ಮಾತು ಬಂದಾಗ ಊರಿನವರು ಅಭಿಪ್ರಾಯ ಬರೆದು ಕಳಿಸುತ್ತಾರೆ. ಇದು ಒಳ್ಳೆಯ ಭಾಗ. 2010ರ ಬಳಿಕ ಕೌನ್ಸಿಲ್‌ಗಳ ಖಜಾನೆ ಸೊರಗಿದಾಗ ಕತ್ತರಿ ಬಿದ್ದದ್ದೂ ಈ ಹಳ್ಳಿ ಬಸ್ಸುಗಳ ಮೇಲೆಯೇ, ಏಕೆಂದರೆ ಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದ್ದರಿಂದ ಲೆಕ್ಕ ಬಹಿರಂಗವಾದರೆ ಸಾಲದು, ಕನಿಷ್ಠ ಸೇವೆಯ ಬಾಧ್ಯತೆಯೂ ನಿಯಮದಲ್ಲಿ ಸೇರಬೇಕು.

ನಮಗೆ ಇನ್ನೂ ಹತ್ತಿರದ ಮಾದರಿ ತಲಪಾಡಿಯ ಆಚೆ ಇದೆ. ಕೇರಳದ ಸಾರಿಗೆ ನಿಗಮ 2022ರ ಜುಲೈ 29ರಂದು ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯತಿನಲ್ಲಿ ಗ್ರಾಮವಂಡಿ ಎಂಬ ವ್ಯವಸ್ಥೆ ಆರಂಭಿಸಿತು. ಬಸ್ಸು ಮತ್ತು ಸಿಬ್ಬಂದಿ ನಿಗಮದ್ದು, ಡೀಸೆಲಿನ ಖರ್ಚು ಸ್ಥಳೀಯ ಸಂಸ್ಥೆಯದು, ಯಾವ ದಾರಿ, ಯಾವ ಸಮಯ ಎಂದು ಹೇಳುವ ಹಕ್ಕೂ ಸ್ಥಳೀಯ ಸಂಸ್ಥೆಯದೇ. ಹಣ ಕೊಟ್ಟವರಿಗೆ ಕೇಳುವ ಹಕ್ಕು ಬಂತು. ನಮ್ಮ ಗ್ರಾಮ ಪಂಚಾಯತುಗಳಿಗೆ ಅಷ್ಟು ಸ್ವಂತ ಆದಾಯವಿಲ್ಲ ಎಂಬುದು ಗೊತ್ತು. ರಾಜ್ಯ ಸರ್ಕಾರ ಆ ಹಣವನ್ನು ಪಂಚಾಯತಿನ ಹೆಸರಿನಲ್ಲಿ ಇಡಲಿ.

ಬಸ್ಸು ಓಡಲು ಹಣ ಕೊಡುವುದು ಸರ್ಕಾರಕ್ಕೆ ಹೊಸ ತತ್ವವೂ ಅಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿ.ಎಂ. ಇ-ಬಸ್ ಸೇವಾ ಯೋಜನೆಯಲ್ಲಿ 10,000 ವಿದ್ಯುತ್ ಬಸ್ಸುಗಳು. ಮಂಗಳೂರು ಆ ಪಟ್ಟಿಯಲ್ಲಿದೆ. ಅಲ್ಲಿ ಬಸ್ಸು ಓಡಿಸುವವರಿಗೆ ಹಣ ಸಿಗುವುದು ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ, ಹತ್ತಿದ ಜನರ ಲೆಕ್ಕದಲ್ಲಿ ಅಲ್ಲ. ಮೂರು ಲಕ್ಷ ಜನಸಂಖ್ಯೆಯ ನಗರಕ್ಕೆ ಕಿಲೋಮೀಟರಿನ ಲೆಕ್ಕ, ಮೂರು ಸಾವಿರದ ಊರಿಗೆ ಟಿಕೆಟಿನ ಲೆಕ್ಕ. ಇದು ತಿರುಗುಮುರುಗಾಗಿರಬೇಕಿತ್ತು. ನಗರದಲ್ಲಿ ಬಸ್ಸು ಖಾಲಿ ಓಡುವ ಭಯ ಕಡಿಮೆ. ಭಯ ಇರುವುದು ಹಳ್ಳಿಯ ದಾರಿಯಲ್ಲಿ. ಕಿಲೋಮೀಟರಿಗೆ ಇಷ್ಟು ಎಂಬ ಭರವಸೆ ಬೇಕಾದದ್ದೂ ಅಲ್ಲಿಗೇ. ಆರ್.ಟಿ.ಎ. ಗುರುತಿಸಿದ ನಷ್ಟದ ಟ್ರಿಪ್ಪುಗಳಿಗೆ ಟೆಂಡರು ಕರೆಯಲಿ, ನಿಗಮವೂ ಖಾಸಗಿಯವರೂ ಬರಲಿ, ಕಡಿಮೆ ಹಣಕ್ಕೆ ಓಡಿಸುತ್ತೇನೆಂದವರಿಗೆ ಕೊಡಲಿ. ಅಂಥ ಟ್ರಿಪ್ಪಿನಲ್ಲಿ ಬಸ್ಸು ಯಾರದಾದರೂ ಹೆಂಗಸರ ಶೂನ್ಯ ಟಿಕೆಟ್ ನಡೆಯಬೇಕು. ಜಿ.ಪಿ.ಎಸ್. ದಾಖಲೆ ನೋಡಿ ಓಡಿದ ದಿನಕ್ಕೆ ಮಾತ್ರ ಹಣ. ಮದುವೆಗೆ ಹೋದ ದಿನ ಹಣವಿಲ್ಲ.

ದಾರಿಗಳೂ ಬದಲಾಗಬೇಕು. ಈ ಮಾತು ಕೆಲವರಿಗೆ ಇಷ್ಟವಾಗದು. ನಮ್ಮ ಹಳ್ಳಿ ಬಸ್ಸುಗಳೆಲ್ಲ ಸ್ಟೇಟ್‌ಬ್ಯಾಂಕಿಗೆ ಬಂದು ನಿಲ್ಲುವುದಕ್ಕೆ ಕಾರಣವಿತ್ತು. ಆಸ್ಪತ್ರೆ, ಮಾರ್ಕೆಟ್, ಜಿಲ್ಲಾಧಿಕಾರಿ ಕಚೇರಿ ಎಲ್ಲ ನಡೆಯುವ ದೂರದಲ್ಲಿದ್ದವು. 2025ರ ಮೇ 16ರಂದು ಪಡೀಲಿನಲ್ಲಿ ಪ್ರಜಾಸೌಧ ಉದ್ಘಾಟನೆಯಾಗಿ ಜಿಲ್ಲಾಧಿಕಾರಿ ಕಚೇರಿ ಅಲ್ಲಿಗೆ ಹೋಯಿತು. ಬಿ.ಸಿ.ರೋಡಿನ ಕಡೆಯವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಕಟೀಲು, ಕಿನ್ನಿಗೋಳಿ, ಬಜಪೆಯಿಂದ ಪಿಂಚಣಿಯ ಕಾಗದ ಹಿಡಿದು ಬರುವ ಅಜ್ಜಿ ನಗರಕ್ಕೆ ಬಂದು ಇನ್ನೊಂದು ಬಸ್ ಹತ್ತಬೇಕು, ಇನ್ನೊಂದು ಟಿಕೆಟ್ ಕೊಳ್ಳಬೇಕು. ಕಚೇರಿ ಕಟ್ಟುವಾಗ ನೀರು, ವಿದ್ಯುತ್ತಿನ ಸಂಪರ್ಕ ನೋಡುವ ಹಾಗೆ ಬಸ್ಸಿನ ಸಂಪರ್ಕವನ್ನೂ ನೋಡಬೇಕಿತ್ತು. ಹಳ್ಳಿಯ ಕೆಲವು ಬೆಳಗ್ಗಿನ ಟ್ರಿಪ್ಪುಗಳನ್ನು ನಂತೂರಿನಿಂದ ಪಡೀಲಿಗೆ ತಿರುಗಿಸುವುದು ಆಗದ ಕೆಲಸವಲ್ಲ.

ಹರೇಕಳವನ್ನೇ ನೋಡಿ. ನೇತ್ರಾವತಿಯ ಆಚೆ ದಡದ ಅಡ್ಯಾರು ಕಣ್ಣಿಗೆ ಕಾಣುತ್ತಿದ್ದರೂ ಬಸ್ಸಿನಲ್ಲಿ ಬರುವವರು ತೊಕ್ಕೊಟ್ಟಿನ ಸುತ್ತುದಾರಿ ಹಿಡಿಯಬೇಕಿತ್ತು, ಇಲ್ಲವೇ ದೋಣಿ ಹತ್ತಬೇಕಿತ್ತು. ಈಗ ಹರೇಕಳ-ಅಡ್ಯಾರು ಅಣೆಕಟ್ಟಿನ ಮೇಲೆ ಸೇತುವೆ ಆಗಿದೆ. ಹೊಸ ದಾರಿ ತೆರೆದಾಗ ಬಸ್ಸನ್ನೆಲ್ಲ ಅತ್ತ ತಿರುಗಿಸಿ ಎಂಬ ಒತ್ತಾಯ ಸಹಜ. ಆದರೆ ಹಳೆಯ ಸುತ್ತುದಾರಿಯಲ್ಲೂ ಮನೆಗಳಿವೆ, ಶಾಲೆಗಳಿವೆ, ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೆ ಹೋಗುವ ಮಕ್ಕಳಿದ್ದಾರೆ. ಎಷ್ಟು ಟ್ರಿಪ್ ಹೊಸ ದಾರಿಗೆ, ಎಷ್ಟು ಹಳೆಯದಕ್ಕೆ ಎಂಬುದನ್ನು ಎರಡೂ ಕಡೆಯ ಗ್ರಾಮಸಭೆಗಳಲ್ಲಿ ಕೇಳಿ ತೀರ್ಮಾನಿಸಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕೊಟ್ಟಿದೆ. ಮನೆ ಯಾರಿಗೆ, ಹಸು ಯಾರಿಗೆ ಎಂದು ಆರಿಸುವ ಸಭೆ ಬಸ್ಸು ಎಷ್ಟು ಗಂಟೆಗೆ ಬೇಕೆಂದೂ ಹೇಳಬಲ್ಲದು. ಇನ್ನೊಂದು ಮಾತು, ಆ ಸಭೆ ಹಗಲು ಹನ್ನೊಂದಕ್ಕೆ ನಡೆದರೆ ಬೆಳಗಿನ ಬಸ್ ಹಿಡಿದು ಕೆಲಸಕ್ಕೆ ಹೋದವರು ಬರಲಾರರು. ಭಾನುವಾರ ಇಡಬೇಕು.

ಗಡಿಯಾಚೆಯ ನಮ್ಮವರನ್ನು ಮರೆಯುವಂತಿಲ್ಲ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆಯ ಕನ್ನಡ ಮನೆಗಳಿಗೆ ಕಾಲೇಜು, ಆಸ್ಪತ್ರೆ, ದುಡಿಮೆ ಎಲ್ಲವೂ ಮಂಗಳೂರು. 2020ರಲ್ಲಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡನ್ನು ನಾವು ಕಂಡಿದ್ದೇವೆ. ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ಅಲ್ಲಿ ಒಂದು ಟ್ರಿಪ್ ಹೆಚ್ಚಿಸಲು ಎರಡು ರಾಜ್ಯಗಳ ಒಪ್ಪಂದ ಬೇಕು. ಆದರೆ ಮಾತುಕತೆಯ ಮೇಜಿನಲ್ಲಿ ಕಾಸರಗೋಡಿನ ಹೆದ್ದಾರಿ ಬಸ್ಸಿನ ಜೊತೆಗೆ ಒಳಗಿನ ಈ ಪಂಚಾಯತುಗಳ ಹೆಸರನ್ನೂ ಇಡುವ ಕೆಲಸ ಮಂಗಳೂರಿನವರದೇ. ಅವರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ.

ಇಷ್ಟೆಲ್ಲ ಆಗಲು ವರ್ಷಗಳು ಹಿಡಿಯಬಹುದು. ನಾಳೆಯೇ ಆಗಬಹುದಾದ ಕೆಲಸವೊಂದಿದೆ. ನಿಮ್ಮ ಊರಿನ ಹೆಸರಿನಲ್ಲಿ ಎಷ್ಟು ಪರ್ಮಿಟ್ ಇವೆ, ಯಾವ ಯಾವ ಸಮಯಕ್ಕೆ ಯಾವ ಬಸ್ಸು ಊರಿನೊಳಗೆ ಬರಬೇಕೆಂದು ಬರೆದಿದೆ ಎಂಬ ಪಟ್ಟಿ ಆರ್.ಟಿ.ಓ. ಕಚೇರಿಯಲ್ಲಿರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ಯಾರು ಬೇಕಾದರೂ ಕೇಳಬಹುದು, ಅರ್ಜಿಗೆ 10 ರೂಪಾಯಿ. ನಮ್ಮ ಊರುಗಳ ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರಗಳು ಈ ಅರ್ಜಿ ಹಾಕಲಿ. ಬಂದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಬಸ್ ತಂಗುದಾಣದ ಗೋಡೆಗೆ ಹಾಕಲಿ. ಅದರ ಕೆಳಗೆ ಒಂದು ತಿಂಗಳು ಯಾವ ಬಸ್ಸು ಬಂತು, ಯಾವುದು ಬರಲಿಲ್ಲ ಎಂದು ಊರಿನ ಪಿ.ಯು. ಮಕ್ಕಳು ಗುರುತು ಹಾಕಲಿ. ಆ ಹಾಳೆಯನ್ನು ಹಿಡಿದು ಮುಂದಿನ ಆರ್.ಟಿ.ಎ. ಸಭೆಗೆ ಪ್ರತಿ ಊರಿನಿಂದ ಇಬ್ಬರು ಬನ್ನಿ, ಅದರಲ್ಲಿ ಒಬ್ಬರು ಹೆಂಗಸಿರಲಿ. ಅರ್ಜಿ ಬರೆದುಕೊಡಲು ನಾನು ಸಿದ್ಧನಿದ್ದೇನೆ, ಸಭೆ ಮುಗಿದ ಮೇಲೆ ಇಲ್ಲೇ ಇರುತ್ತೇನೆ.